ಅರ್ಧ ಉಳಿದ ರೋಲು

ಸೂಜಿ ಇನ್ನೂ ನಡುವಿನಲ್ಲೇ ನಿಂತಿತ್ತು. ಬಿಂದು ಕ್ಯಾಮೆರಾದ ಕಿಂಡಿಯಿಂದ ಕಣ್ಣು ತೆಗೆದು ಆಕಾಶ ನೋಡಿದಳು, ಮತ್ತೆ ಕಣ್ಣಿಟ್ಟಳು. ಬೆಳಕು ಸಾಕಾದರೆ ಸೂಜಿ ನಡುವೆ, ಸಾಲದಾದರೆ ಕೆಳಗೆ. ಇಷ್ಟನ್ನು ಗಂಡ ಕಲ್ಲೇಶ ಅವಳಿಗೆ ಯಾವಾಗಲೋ ಹೇಳಿಕೊಟ್ಟಿದ್ದ, ಅವಳು ಕೇಳದಿದ್ದರೂ. ಚಿತ್ರದುರ್ಗದ ಆ ಕಾಲೇಜು ಮೈದಾನದ ಮೂಡಣ ಅಂಚಿನಲ್ಲಿ ಬಂಡೆಗಳ ನೆತ್ತಿಗೆ ಸಂಜೆಬಿಸಿಲು ಅಂಟಿಕೊಂಡಿತ್ತು. ದೂರದ ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ತಮ್ಮ ಪಾಡಿಗೆ ತಿರುಗುತ್ತಿದ್ದವು. ಒಂದು ಮಾತ್ರ ನಿಂತಿತ್ತು. ನಿಂತದ್ದು ಕಣ್ಣಿಗೆ ಬಿದ್ದರೆ ಕಲ್ಲೇಶ ಓಡುವ ಬಸ್ಸಿನಲ್ಲಿದ್ದರೂ ಫೋನ್ ತೆಗೆಯುತ್ತಿದ್ದ. ಅವುಗಳನ್ನು ಹತ್ತಿ ರಿಪೇರಿ ಮಾಡುವುದು ಅವನ ನೌಕರಿಯಾಗಿತ್ತು. ಈಗ ಯಾರಿಗೆ ಹೇಳಬೇಕೆಂದು ತೋಚದೆ ಅವಳು ಆ ನಿಂತ ರೆಕ್ಕೆಗಳನ್ನೇ ನೋಡಿದಳು. ವೇದಿಕೆಯ ಮೇಲೆ ಒಬ್ಬ ಮೈಕಿನ ಮುಂದೆ ಬಾಗಿ ಕೆಮ್ಮಿದ. ಕೆಮ್ಮು ಮೈದಾನದ ಉದ್ದಕ್ಕೂ ಹೋಗಿ ಬಂಡೆಗೆ ಬಡಿದು ವಾಪಸು ಬಂತು. ಹುಡುಗರು ಅದಕ್ಕೂ ಚಪ್ಪಾಳೆ ತಟ್ಟಿದರು.

ಅವಳು ನಿಂತದ್ದು ಜನರ ನಡುವೆ, ವೇದಿಕೆಯಿಂದ ಸಾಕಷ್ಟು ಹಿಂದೆ. ಮುಂದೆ ಅಡ್ಡಗಟ್ಟಿದ ಬೊಂಬುಗಳ ಒಳಗೆ, ಕೊರಳಿಗೆ ಪಾಸು ಹಾಕಿಕೊಂಡ ಕೆಲವರು ದೊಡ್ಡ ಡಿಜಿಟಲ್ ಕ್ಯಾಮೆರಾಗಳನ್ನು ಹಿಡಿದು ಓಡಾಡುತ್ತಿದ್ದರು. ಪಾಸು ಕೊಡಿಸುತ್ತೇನೆಂದು ಯಾರಾದರೂ ಅಂದರೆ ಕಲ್ಲೇಶ ಬೇಡವೆನ್ನುತ್ತಿದ್ದ. ಅವನಿಗೆ ಮುಂದಿನವರ ತಲೆಗಳು ಬೇಕಿದ್ದವು, ಎತ್ತಿದ ಕೈಗಳು ಬೇಕಿದ್ದವು, ಯಾರದೋ ಹೆಗಲ ಸಂದಿಯಿಂದ ಕಾಣುವ ಹಾಡುಗಾರನ ಅರ್ಧ ಮುಖ ಬೇಕಿತ್ತು. ಹಾಗೆ ಅವನು ತಂದ ಫಿಲಂ ರೋಲುಗಳನ್ನು ತೊಳೆದು ಚಿತ್ರ ಮೂಡಿಸುತ್ತಿದ್ದವಳು ಬಿಂದು. ದಾವಣಗೆರೆಯಲ್ಲಿ ರಸಾಯನಶಾಸ್ತ್ರದ ಎಂಎಸ್ಸಿ ಮಾಡಿ ಹೊಳಲ್ಕೆರೆಯ ಪಿಯು ಕಾಲೇಜಿನಲ್ಲಿ ಪಾಠ ಹೇಳುವ ಹೆಂಡತಿಯನ್ನು ತಾನು ಹುಡುಕಿಕೊಂಡದ್ದೇ ಇದಕ್ಕೆ ಎಂದು ಅವನು ಸ್ನೇಹಿತರ ಮುಂದೆ ಹೇಳಿಕೊಳ್ಳುತ್ತಿದ್ದ. ಅವನು ತೆಗೆಯಬೇಕು, ಅವಳು ತೊಳೆಯಬೇಕು. ಅವಳು ಬಚ್ಚಲುಮನೆಯನ್ನು ಕತ್ತಲೆ ಮಾಡಿಕೊಂಡು ಕೂತಾಗ ಅವನು ಬಾಗಿಲು ಬಡಿಯುತ್ತಿರಲಿಲ್ಲ. ಅವಳು ಕ್ಯಾಮೆರಾ ಮುಟ್ಟುತ್ತಿರಲಿಲ್ಲ. ಯಾರೂ ಮಾಡದ ಕಾಯಿದೆ ಅದು. ಆದರೂ ಮದುವೆಯಾದ ಮೇಲೆ ಒಮ್ಮೆಯೂ ಮುರಿದಿರಲಿಲ್ಲ.

ಈಗ ಅವಳ ಕೊರಳಲ್ಲಿ ಅದೇ ಕ್ಯಾಮೆರಾ, ಅದರೊಳಗೆ ಅವನು ಅರ್ಧಕ್ಕೆ ಬಿಟ್ಟ ರೋಲು. ಮೇಲಿನ ಪುಟ್ಟ ಕಿಂಡಿಯಲ್ಲಿ ಹದಿನೇಳು ಎಂಬ ಅಂಕಿ. ಆ ಹದಿನೇಳೂ ಅವನವು, ಹೆಚ್ಚಿನವು ಏನೆಂದು ಯಾರಿಗೂ ತಿಳಿಯದು. ಕಳೆದ ವರ್ಷ ಜವನಗೊಂಡನಹಳ್ಳಿಯ ಹತ್ತಿರ ಹೆದ್ದಾರಿಯ ಮೇಲೆ ಅವನ ಬೈಕಿಗೆ ಆಗಬಾರದ್ದು ಆದ ಮೇಲೆ, ಮನೆಯಲ್ಲೇ ಉಳಿದಿದ್ದ ಕ್ಯಾಮೆರಾವನ್ನು ಅತ್ತೆ ಶಿವಗಂಗಮ್ಮ ದೇವರ ಜಗಲಿಯ ಮೇಲಿಟ್ಟರು. ದಿನಾ ಲಿಂಗಪೂಜೆ ಮುಗಿಸಿ, ಬೆರಳಲ್ಲಿ ಉಳಿದ ವಿಭೂತಿಯಿಂದ ಅದಕ್ಕೂ ಮೂರು ಗೆರೆ ಎಳೆದರು. ಪುಡಿ ಸಂದುಗೊಂದುಗಳಿಗೆ ಇಳಿಯುವುದನ್ನು ಬಿಂದು ನೋಡಿದಳು, ಬೇಡವೆನ್ನಲಿಲ್ಲ. ಬೇಡವೆನ್ನುವುದಕ್ಕೆ ಒಳಗೆ ಏನಾದರೂ ಅಲ್ಲಾಡಬೇಕು. ತೊಳೆಯದೆ ಇಟ್ಟ ಫಿಲಂನೊಳಗಿನ ಚಿತ್ರ ದಿನದಿಂದ ದಿನಕ್ಕೆ ಮಸುಕಾಗುತ್ತದೆಂದು ಅವಳಿಗೆ ಗೊತ್ತಿತ್ತು. ಬೆಳ್ಳಿಯ ಹರಳುಗಳ ಮೇಲೆ ಬೆಳಕು ಬಿಟ್ಟುಹೋದ ಗುರುತು ಹೇಗೆ ಸವೆಯುತ್ತದೆಂಬುದನ್ನು ಅವಳು ಬೋರ್ಡಿನ ಮೇಲೆ ಬರೆದು ವಿವರಿಸಬಲ್ಲಳು. ತೊಳೆದರೆ, ಅವನಿಂದ ಬರಬೇಕಾದದ್ದು ಇನ್ನೇನೂ ಉಳಿಯುವುದಿಲ್ಲ. ತೊಳೆಯದಿದ್ದರೆ ಬರಬೇಕಾದದ್ದೇ ಕರಗಿಹೋಗುತ್ತದೆ. ಈ ಎರಡರ ನಡುವೆ ಒಂದು ಮಳೆಗಾಲ ಹೋಯಿತು, ಒಂದು ಬೇಸಿಗೆಯೂ ಹೋಯಿತು.

ಹೋದ ವಾರ ಸ್ಟಾಫ್‌ರೂಮಿನಲ್ಲಿ ಯಾರದೋ ಫೋನಿನಲ್ಲಿ ‘ಕೋಡಿ’ ಬ್ಯಾಂಡಿನ ಪೋಸ್ಟರ್ ಕಂಡಳು. ಹಿರಿಯೂರಿನವರ ರಾಕ್ ಬ್ಯಾಂಡು, ಮಾರಿಕಣಿವೆ ಜಲಾಶಯ ತುಂಬಿ ಕೋಡಿ ಬಿದ್ದ ವರ್ಷ ಹುಟ್ಟಿಕೊಂಡದ್ದು. ಕಲ್ಲೇಶ ಅವರ ಕಾರ್ಯಕ್ರಮ ಒಂದನ್ನೂ ಬಿಟ್ಟವನಲ್ಲ. ಹಾಡುವ ಹನುಮೇಶ, ಗಿಟಾರಿನವರು, ಎಲ್ಲರೂ ಅವನ ರೋಲುಗಳಲ್ಲಿ ಮತ್ತೆ ಮತ್ತೆ ಬಂದಿದ್ದರು. ಬಾರದೇ ಉಳಿದವಳು ಡ್ರಮ್ಸ್ ಬಾರಿಸುವ ಅನುಸೂಯ ಒಬ್ಬಳೇ. ಹಿಂದೆ ಕೂರುವವಳು, ಮುಂದೆ ಹನುಮೇಶ, ಎರಡೂ ಪಕ್ಕ ಹಿತ್ತಾಳೆಯ ತಟ್ಟೆಗಳು. ಪ್ರತಿ ರೋಲಿನಲ್ಲೂ ಅವಳ ಜುಟ್ಟೋ ಮೊಣಕೈಯೋ ಅಷ್ಟೇ. ಬಿಂದು ಬಚ್ಚಲಿನಿಂದ ಹೊರಬಂದು ಒದ್ದೆ ಫಿಲಂ ಎತ್ತಿ ಹಿಡಿದರೆ ಅವನು ಕೇಳುತ್ತಿದ್ದದ್ದು ಒಂದೇ ಮಾತು: “ಸಿಕ್ಳಾ?” ಇಲ್ಲ, ಜುಟ್ಟು ಐತೆ ಎಂದರೆ, “ಮುಂದಿನ ಸಲ ಎಲ್ಲಿಗೆ ಹೋಗ್ತಾಳೆ ನೋಡಾಣ,” ಅನ್ನುತ್ತಿದ್ದ. ಪೋಸ್ಟರ್ ನೋಡುವಾಗ ಬಿಂದುವಿಗೆ ದುಃಖವಾಗಲಿಲ್ಲ. ಒಲೆಯ ಮೇಲೆ ಏನನ್ನೋ ಇಟ್ಟು ಮರೆತು ಬಂದವಳ ಹಾಗೆ ಎದ್ದು ನಿಂತಳು, ಅಷ್ಟೆ.

ಇಂದು ಮಧ್ಯಾಹ್ನ ಜಗಲಿಯಿಂದ ಕ್ಯಾಮೆರಾ ಎತ್ತಿಕೊಳ್ಳುವಾಗ ಶಿವಗಂಗಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

“ಎಲ್ಲಿಗೆ ಅದು?”

“ದುರ್ಗಕ್ಕೆ ಅತ್ತೆ. ಹಾಡಿನ ಕಾರ್ಯಕ್ರಮ ಐತೆ.”

“ಅವ್ನು ಹೋಗ್ತಿದ್ನಲ್ಲ, ಆ ಕಿರುಚಾಡೋರ್ದಾ?”

“ಹೂಂ.”

ಮುದುಕಿ ಒಂದು ಕಲ್ಲು ಹೆಕ್ಕಿ ಬದಿಗೆಸೆದರು. ಇನ್ನೊಂದು ಹೆಕ್ಕಿದರು. “ಅದ್ರಾಗೆ ನನ್ ಮಗ ಅವ್ನೇನೆ?”

ಬಿಂದುವಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕ್ಯಾಮೆರಾದ ಪಟ್ಟಿಯನ್ನು ಕೊರಳಿಗೆ ಹಾಕಿಕೊಂಡಳು. “ತೆಗೆಯೋರು ಫೋಟೋದಾಗೆ ಇರಲ್ಲ ಅತ್ತೆ.”

“ಹಂಗಾರೆ ಇಷ್ಟ್ ದಿನ ನಾನು ಯಾರಿಗೆ ಇಬೂತಿ ಹಚ್ದೆ?”

ಮಾತಿನಲ್ಲಿ ಕೋಪವಿರಲಿಲ್ಲ, ಲೆಕ್ಕ ತಪ್ಪಿದ ಆಶ್ಚರ್ಯವಿತ್ತು. ಕಲಿಸುವವಳಾಗಿ ತಾನು ಇದನ್ನು ಎಂದೋ ಹೇಳಬೇಕಿತ್ತು ಎಂದು ಬಿಂದುವಿಗೆ ಅನ್ನಿಸಿತು. “ಹೋಗ್ ಬಾ,” ಎಂದರು ಶಿವಗಂಗಮ್ಮ, ಮೊರದಿಂದ ತಲೆಯೆತ್ತದೆ. “ಕೆಡಿಸ್ಕಂಡು ಬರಬ್ಯಾಡ ಅದನ್ನ.”

ಅದನ್ನ ಎಂದರೆ ಕ್ಯಾಮೆರಾವನ್ನೋ, ಒಳಗಿರುವುದನ್ನೋ. ಬಸ್ಸಿನ ಕಿಟಕಿಯ ಪಕ್ಕ ಕೂತು ದಾರಿಯುದ್ದಕ್ಕೂ ಅವಳು ಕ್ಯಾಮೆರಾದ ಹಿಂಬದಿಯ ಮುಚ್ಚಳವನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು. ಈಗ ಮೈದಾನದಲ್ಲೂ ಹಿಡಿದೇ ಇದ್ದಳು. ಹಿಂದಿನಿಂದ ಹುಡುಗರ ದನಿ ಕೇಳಿತು.

“ಲೇ, ಕೆಮಿಸ್ಟ್ರಿ ಮಿಸ್ಸು ಬಂದವ್ರೆ ಕಣೋ.”

“ಎಲ್ಲಿ?”

“ಅಲ್ನೋಡು, ನಿಮ್ಮಜ್ಜನ ಕಾಲದ ಕ್ಯಾಮ್ರ ಹಾಕ್ಕಂಡು.”

“ಹೇಯ್, ಸುಮ್ನಿರಪ್ಪ. ಅವ್ರ ಗಂಡ…” ಎಂದು ದನಿ ತಗ್ಗಿತು. ನಗು ನಿಂತಿತು. ನಗು ಹಾಗೆ ನಿಲ್ಲುವುದನ್ನು ಅವಳು ಈ ಒಂದು ವರ್ಷದಲ್ಲಿ ತರಗತಿಯಲ್ಲಿ, ಬಸ್ಸಿನಲ್ಲಿ, ಮದುವೆಮನೆಯ ಊಟದ ಸಾಲಿನಲ್ಲಿ ಕೇಳಿದ್ದಳು. ಅವರು ನಕ್ಕುಬಿಟ್ಟಿದ್ದರೆ ಹಗುರವಾಗುತ್ತಿತ್ತು. ಬಡಿಸುವವರು ಅವಳ ಎಲೆಯ ಹತ್ತಿರ ಬಂದಾಗ ಮಾತ್ರ ಸೌಟನ್ನು ಮೆಲ್ಲಗೆ ಬಗ್ಗಿಸುತ್ತಿದ್ದರು, ಎಲೆಗೆ ನೋವಾದೀತೆಂಬಂತೆ.

“ಮಠದಿಂದ ಬಂದ್ಯೇನವ್ವ?”

ಕೇಳಿದವಳು ಪಕ್ಕದಲ್ಲಿ ನಿಂತಿದ್ದ ಕುಳ್ಳ ಹೆಂಗಸು. ಹಸಿರು ಸೀರೆ, ಕಂಕುಳಲ್ಲಿ ಒತ್ತಿ ಹಿಡಿದ ಬಟ್ಟೆಯ ಚೀಲ. ಆ ಜೀನ್ಸ್ ಪ್ಯಾಂಟುಗಳ ನಡುವೆ ಸಂತೆಯ ಬಸ್ಸು ತಪ್ಪಿಸಿಕೊಂಡವಳ ಹಾಗಿದ್ದಳು. ಬಿಂದು ಹಣೆ ಮುಟ್ಟಿಕೊಂಡಳು. ಬೆರಳಿಗೆ ಬಿಳಿ ಪುಡಿ ಬಂತು. ಕ್ಯಾಮೆರಾ ಒತ್ತಿದಲ್ಲೆಲ್ಲ, ಹುಬ್ಬಿನ ಮೇಲೆ, ಕೆನ್ನೆಯ ಮೇಲೆ, ವಿಭೂತಿ ಅಂಟಿತ್ತು. “ಇಲ್ಲಮ್ಮ, ಇದರಿಂದ ಹತ್ತಿದ್ದು,” ಎಂದು ಕ್ಯಾಮೆರಾ ತೋರಿಸಿದಳು.

“ಅದಕ್ಕೂ ಹಚ್ತಾರೇನು? ಒಳ್ಳೇದೇ ಬಿಡು. ನಾನು ಮದಕರಿಪುರದೋಳು, ದ್ಯಾಮಮ್ಮ ಅಂತ. ಹಿಂದೆ ಕುಂತು ದಬದಬ ಬಡೀತಾಳಲ್ಲ, ಅವಳು ನನ್ ಮಗಳು.”

“ಅನುಸೂಯ?”

“ಅವಳೇ. ಹೊಸದುರ್ಗದ ಹೈಸ್ಕೂಲಾಗೆ ಆಟ ಆಡ್ಸೋ ಟೀಚರು. ವಾರವೆಲ್ಲ ಸೀಟಿ ಊದ್ತಾಳೆ, ಭಾನ್ವಾರ ಇದು. ಸುಮ್ನೆ ಕುಂದ್ರು ಅಂದ್ರೆ ಅದೊಂದೇ ಬರಲ್ಲ ಅವಳಿಗೆ.” ದ್ಯಾಮಮ್ಮ ತುದಿಗಾಲಲ್ಲಿ ನಿಂತು ನೋಡಿ, ಸೋತು ಹಿಮ್ಮಡಿ ಊರಿದಳು. “ಯಾವತ್ ಬಂದ್ರೂ ಸದ್ದು ಕೇಳ್ತೈತೆ, ಅವಳು ಕಾಣಲ್ಲ. ಮುಂದ್ಕೆ ಹೋಗ್ರಿ ಅಂತಾರೆ. ಮುಂದೆ ಹೋದ್ರೆ ಎದಿ ಒಡೀತೈತೆ.”

ಆಗ ಹಾಡು ಶುರುವಾಯಿತು. ಎಚ್ಚರಿಕೆಯೇ ಇರಲಿಲ್ಲ. ಮೊದಲ ಪೆಟ್ಟು ಕಿವಿಗೆ ಬರುವ ಮುಂಚೆ ಎದೆಗೂಡಿಗೆ ಬಂತು, ಅಂಗಾಲಿನ ಕೆಳಗಿನ ನೆಲದಿಂದಲೂ ಬಂತು. ಬಿಂದುವಿಗೆ ಆಶ್ಚರ್ಯವಾದದ್ದು ಅದು ಅವಳ ಒಪ್ಪಿಗೆ ಕೇಳಲಿಲ್ಲವೆಂಬುದಕ್ಕೆ. ಈ ಒಂದು ವರ್ಷ ಎಲ್ಲರೂ ಎಲ್ಲಕ್ಕೂ ಅವಳ ಮುಖ ನೋಡಿಯೇ ಮುಂದುವರಿದಿದ್ದರು. ಟಿವಿಯ ದನಿ ಏರಿಸಲೂ ಅತ್ತೆ ಅವಳತ್ತ ನೋಡುತ್ತಿದ್ದರು. ಈ ಸದ್ದು ನೋಡಲಿಲ್ಲ. ಹನುಮೇಶ ಕಣ್ಣು ಮುಚ್ಚಿ ಹಾಡಿದ: ‘ಬಿಟ್ಟ ನೀರಿಗೆ ಯಾವೂರ ಹೆಸರು.’ ಕಿವಿಗೊಟ್ಟು ಕೇಳಿದರೆ ಆ ದನಿ ಒಡಕು, ಹಿರಿಯೂರಿನ ಬಸ್‌ಸ್ಟ್ಯಾಂಡಿನಲ್ಲಿ ಊರುಗಳ ಹೆಸರು ಕೂಗುವವನ ದನಿಯಂತೆ. ಆದರೆ ಆ ಒಡಕನ್ನು ಮುಚ್ಚಿಕೊಳ್ಳುವ ಯೋಚನೆಯೇ ಅವನಿಗಿರಲಿಲ್ಲ, ಅದನ್ನೇ ಮುಂದೆ ಮಾಡಿಕೊಂಡು ಹಾಡುತ್ತಿದ್ದ. ಕಲ್ಲೇಶ ಇವರ ಹಿಂದೆ ಯಾಕೆ ಹಾಗೆ ಅಲೆಯುತ್ತಿದ್ದನೆಂದು ಅವಳಿಗೆ ಈವರೆಗೆ ತಿಳಿದಿದ್ದದ್ದು ನೆಗೆಟಿವ್‌ಗಳಿಂದ ಮಾತ್ರ, ಸದ್ದಿಲ್ಲದೆ, ಕಪ್ಪು ಬಿಳುಪು ತಿರುವುಮುರುವಾಗಿ. ಅವನು ಎಷ್ಟೋ ಸಲ ಕರೆದಿದ್ದ. ಅವಳಿಗೆ ಪರೀಕ್ಷೆಯ ಪೇಪರುಗಳಿದ್ದವು, ತಲೆನೋವಿತ್ತು, ನಾಳೆ ಇತ್ತು.

ಅವಳು ಕ್ಯಾಮೆರಾ ಎತ್ತಿ ಮೊದಲ ಚಿತ್ರ ತೆಗೆದಳು. ಶಟರಿನ ಸದ್ದು ಆ ಅಬ್ಬರದಲ್ಲಿ ಕೇಳಲಿಲ್ಲ, ಬೆರಳಿಗಷ್ಟೇ ತಿಳಿಯಿತು. ಫಿಲಂ ಮುಂದೆ ಸರಿಸುವ ಲಿವರ್ ಎಳೆದಳು. ಕೈಗಳನ್ನು ತೆಗೆದಳು, ಒಬ್ಬಳ ಜಡೆಯನ್ನು, ಹನುಮೇಶನ ಗಂಟಲನ್ನು. ತಾನು ಇವನ್ನೆಲ್ಲ ಅವನಂತೆ ತೆಗೆಯುತ್ತಿದ್ದೇನೆ ಎಂದು ಗೊತ್ತಾಗಿ ನಾಚಿಕೆಯೂ ಆಯಿತು. ಉದ್ದನೆಯ ಲೆನ್ಸಿನಲ್ಲಿ ವೇದಿಕೆ ಹತ್ತಿರ ಬಂದು, ಹಿತ್ತಾಳೆ ತಟ್ಟೆಯ ಹಿಂದೆ ಜುಟ್ಟೊಂದು ಹಾರಿ ಹಾರಿ ಬೀಳುವುದು ಕಂಡಿತು. ಬಿಂದು ಅದನ್ನೇ ಹಿಡಿದು ಕಾದಳು. ಕಾಯುತ್ತ ಕಾಯುತ್ತ ಅವಳಿಗೆ ಒಂದು ಸಂಗತಿ ಕಂಡಿತು. ಅನುಸೂಯಳ ಹೆಚ್ಚುಗಾರಿಕೆ ಬಡಿಯುವುದರಲ್ಲಿ ಇರಲಿಲ್ಲ. ಕೋಲನ್ನು ಎತ್ತಿ, ಬೀಳಿಸಬೇಕಾದ ಕಡೆ ಬೀಳಿಸದೆ, ಒಂದಿಷ್ಟು ತಡೆದು ಬಿಡುತ್ತಿದ್ದಳು; ಇಡೀ ಮೈದಾನ ಆ ತಡೆಯಲ್ಲಿ ಉಸಿರು ಬಿಗಿಹಿಡಿಯುತ್ತಿತ್ತು. ಪ್ರಯೋಗಾಲಯದಲ್ಲಿ ಬ್ಯೂರೆಟ್ಟಿನ ಕೊನೆಯ ಹನಿಯನ್ನು ಹಾಗೆ ತಡೆದು ಬಿಡಲು ಅವಳು ವರ್ಷವರ್ಷವೂ ಮಕ್ಕಳಿಗೆ ಹೇಳಿಕೊಡುತ್ತಾಳೆ, ಯಾರಿಗೂ ಬರುವುದಿಲ್ಲ. ಒಂದು ಹನಿ ಹೆಚ್ಚಾಗಿ ಎಲ್ಲ ಕೆಂಪಾಗುತ್ತದೆ. ಇವಳಿಗೆ ಬಂದಿದೆ. ಮತ್ತೆ ಆ ತಡೆಯ ಕ್ಷಣದಲ್ಲಿ ಇವಳು ಎಡಕ್ಕೆ ವಾಲುತ್ತಾಳೆ, ತಟ್ಟೆಯ ಮರೆಯಿಂದ ಹೊರಗೆ, ಗಿಟಾರಿನವನ ಮುಖ ನೋಡಲು. ಪ್ರತಿ ಹಾಡಿನಲ್ಲೂ, ಪಲ್ಲವಿ ತಿರುಗಿ ಬರುವ ಮುಂಚೆ. ಇದು ಕಲ್ಲೇಶನಿಗೆ ಯಾಕೆ ಕಾಣಲಿಲ್ಲ? ಅವನು ಆಗ ಕುಣಿಯುತ್ತಿದ್ದಿರಬೇಕು.

“ಕಾಣ್ತಾಳೇನವ್ವ ಅದ್ರಾಗೆ?” ದ್ಯಾಮಮ್ಮ ಕಿವಿಯ ಹತ್ತಿರ ಕೂಗಿದಳು.

ಬಿಂದು ಪಟ್ಟಿಯನ್ನು ಕೊರಳಿಂದ ತೆಗೆದು ಕ್ಯಾಮೆರಾವನ್ನು ಅವಳ ಕಣ್ಣಿಗೆ ಹಿಡಿದಳು. ಎಲ್ಲಿ ನೋಡಬೇಕೆಂದು ತಿಳಿಯದೆ ಆಕೆ ಮೊದಲು ಆಕಾಶ ನೋಡಿದಳು, ಆಮೇಲೆ ಯಾರದೋ ಬೆನ್ನು. ಹಾಡು ತಿರುಗುವ ಹೊತ್ತಿಗೆ ಸುಮ್ಮನಾದಳು. ಬಾಯಿ ಸ್ವಲ್ಪ ತೆರೆದಿತ್ತು. “ಅಯ್ಯ, ಹಲ್ಲು ಕಚ್ಕಂಡವಳೆ,” ಎಂದಳು. “ಚಿಕ್ಕೋಳಿದ್ದಾಗ ನೀರು ಸೇದೋವಾಗ ಹಿಂಗೇ ಕಚ್ತಿದ್ಲು.” ಬಿಂದು ಆಕೆಯ ಕೈಯಿಂದ ಕ್ಯಾಮೆರಾ ವಾಪಸು ಪಡೆದು ಕಿಂಡಿಯಲ್ಲಿ ಕಣ್ಣಿಟ್ಟಾಗ ಸೂಜಿ ಕೆಳಕ್ಕೆ ಹೋಗಿತ್ತು.

ಬಂಡೆಗಳ ನೆತ್ತಿಯ ಬಿಸಿಲು ಯಾವಾಗ ಹೋಯಿತೋ. ಆಕಾಶ ಇನ್ನೂ ಬೆಳ್ಳಗಿತ್ತು, ಆದರೆ ಅದು ನೋಡುವವರಿಗೆ; ಫಿಲಂಗೆ ಸಾಲದು. ವೇದಿಕೆಯ ದೀಪಗಳು ಕೆಂಪಗೆ ಹತ್ತಿಕೊಂಡವು. ಈಗ ತೆಗೆದರೆ ಶಟರ್ ತೆರೆದು ಮುಚ್ಚುವಷ್ಟರಲ್ಲಿ ಅನುಸೂಯಳ ಕೈ ಮಂಜಾಗಿ ಕರಗಿಹೋಗುತ್ತದೆ. ಇದಕ್ಕೆ ಕಲ್ಲೇಶನ ಉಪಾಯವೊಂದಿತ್ತು. ಕ್ಯಾಮೆರಾದ ನೆತ್ತಿಯ ಮೇಲೆ ಫಿಲಂನ ಚುರುಕು ಸೂಚಿಸುವ ತಿರುಗಣಿಯನ್ನು ನಾಲ್ಕುನೂರರಿಂದ ಸಾವಿರದಾರುನೂರಕ್ಕೆ ತಿರುಗಿಸುವುದು, ಫಿಲಂ ಇರುವುದಕ್ಕಿಂತ ಚುರುಕು ಎಂದು ಕ್ಯಾಮೆರಾಕ್ಕೆ ಸುಳ್ಳು ಹೇಳುವುದು. ಆ ಸುಳ್ಳನ್ನು ನಿಜ ಮಾಡುವುದು ಬಿಂದುವಿನ ಪಾಲಿಗೆ: ಬಚ್ಚಲುಮನೆಯಲ್ಲಿ ರಾಸಾಯನಿಕದ ನೀರಿನೊಳಗೆ ಫಿಲಂ ಅನ್ನು ಹೆಚ್ಚು ಹೊತ್ತು ಇಡುವುದು. ಎಷ್ಟೋ ರೋಲುಗಳನ್ನು ಅವಳು ಹಾಗೆ ತೊಳೆದಿದ್ದಳು. ಆದರೆ ಆ ರೋಲುಗಳೆಲ್ಲ ಒಂದೇ ಸಂಜೆಯವು. ಇದರಲ್ಲಿ ಅವನ ಹದಿನೇಳು ಇವೆ, ತಿರುಗಣಿ ನಾಲ್ಕುನೂರರಲ್ಲೇ ಇದ್ದುದರಿಂದ ಹಗಲಿನವು. ಒಂದೇ ಉದ್ದನೆಯ ಪಟ್ಟಿ, ಒಂದೇ ನೀರು. ಅವಳ ಕತ್ತಲೆಗೆ ಬೇಕಾದಷ್ಟು ಹೊತ್ತು ಇಟ್ಟರೆ ಅವನ ಬಿಸಿಲು ಮಸಿಯಾಗುತ್ತದೆ. ಅವನಿಗೆ ಸಾಕಾದಷ್ಟೇ ಇಟ್ಟರೆ ಅವಳಿಗೆ ಏನೂ ಸಿಗುವುದಿಲ್ಲ. ಕತ್ತಲೆಯಲ್ಲಿ ಪಟ್ಟಿಯನ್ನು ಕೈಯಂದಾಜಿನಿಂದ ಕತ್ತರಿಸಿ ಬೇರೆ ಬೇರೆ ತೊಳೆಯಬಹುದು. ಅಂದಾಜು ತಪ್ಪಿದರೆ ಕತ್ತರಿ ಬೀಳುವುದು ಅವನ ಕೊನೆಯದರ ಮೇಲೆ.

ಆ ಕೊನೆಯದು ಯಾವುದೆಂದು ಅವಳಿಗೆ ಅನುಮಾನವಿರಲಿಲ್ಲ. ಆಗಬಾರದ್ದು ಆದ ದಿನ ಬೆಳಿಗ್ಗೆ ಅವನು ಟೆರೇಸಿನಿಂದ ಕೂಗಿದ್ದ, ಬಾರೆ, ಬೆಳಕು ಹೆಂಗೈತೆ ನೋಡು, ಒಂದು ತೆಗೀತೀನಿ. ಅತ್ತೆ ಮೇಲೆ ಮೆಣಸಿನಕಾಯಿ ಹರವಿದ್ದರು. ಬಿಂದು ಮೇಜಿನ ಮುಂದೆ ಪೇಪರು ತಿದ್ದುತ್ತಿದ್ದಳು. ಬಂದೆ ಎಂದಳು. ಇನ್ನೊಂದು ಸಲ ಕೂಗಿದ, ಬಂದೆ ಅಂದೆನಲ್ಲ ಎಂದಳು. ಆಮೇಲೆ ಟೆರೇಸಿನಲ್ಲಿ ಶಟರ್ ಬಿದ್ದ ಸದ್ದು, ಮೆಟ್ಟಿಲಿನ ಮೇಲೆ ಅವನ ಚಪ್ಪಲಿಯ ಸದ್ದು, ಕ್ಯಾಮೆರಾ ಮೇಜಿನ ಅಂಚಿಗೆ ಇಟ್ಟ ಸದ್ದು, ಬೈಕಿನ ಸದ್ದು. ಅವಳು ಪೇಪರಿನಿಂದ ತಲೆಯೆತ್ತಿರಲಿಲ್ಲ. ಹುಡುಗನೊಬ್ಬ ಸಮೀಕರಣವನ್ನು ಸರಿಯಾಗಿ ತೂಗಿಸಿರಲಿಲ್ಲ, ಅದಕ್ಕೆ ಅರ್ಧ ಅಂಕ ಕೊಡಬೇಕೋ ಬೇಡವೋ ಎಂದು ಯೋಚಿಸುತ್ತಿದ್ದಳು. ಹದಿನೇಳನೆಯ ಚಿತ್ರದಲ್ಲಿ ಅವಳು ನಿಲ್ಲಬೇಕಾಗಿದ್ದ ಜಾಗ ಇರುತ್ತದೆ, ಅವಳು ಇರುವುದಿಲ್ಲ. ಇಷ್ಟು ದಿನ ತೊಳೆಯದೆ ಇಟ್ಟದ್ದು ಅವನು ಮುಗಿದುಹೋಗುತ್ತಾನೆಂದು ಮಾತ್ರವೇ?

ವೇದಿಕೆಯ ಮೇಲೆ ಹನುಮೇಶ ಟವೆಲಿನಿಂದ ಮುಖ ಒರೆಸಿಕೊಂಡು, “ಇನ್ನೊಂದೇ ಹಾಡು, ಪರ್ಮಿಷನ್ ಅಷ್ಟೇ ಇರೋದು,” ಎಂದ. ಜನ ಊಳಿಟ್ಟರು. “ಊಳಿಟ್ರೆ ನಂಗೇನು, ಇನ್ಸ್‌ಪೆಕ್ಟರ್ ಸಾಹೇಬ್ರಿಗೆ ಕೇಳ್ಸೋ ಹಂಗೆ ಇಡ್ರಿ,” ಎಂದ. ಎಲ್ಲರೂ ನಕ್ಕರು. ಅನುಸೂಯ ಕೋಲುಗಳನ್ನು ಒಂದಕ್ಕೊಂದು ಬಡಿದು ಲೆಕ್ಕ ಕೊಟ್ಟಳು.

ಬಿಂದು ತಿರುಗಣಿಯನ್ನು ಸಾವಿರದಾರುನೂರಕ್ಕೆ ತಿರುಗಿಸಿದಳು. ಯೋಚಿಸಿ ತಿರುಗಿಸಿದಳೆಂದು ಹೇಳಲಾಗದು. ಸೂಜಿ ಕೆಳಗಿನಿಂದ ನಿಧಾನವಾಗಿ ಎದ್ದು ನಡುವಿಗೆ ಬಂದು ನಿಂತಾಗ, ತಾನು ಏನು ಮಾಡಿದೆನೆಂದು ತಿಳಿಯಿತು. ಹಿಂದಕ್ಕೆ ತಿರುಗಿಸಬಹುದಿತ್ತು, ಆ ಅಳತೆಯಲ್ಲಿ ಇನ್ನೂ ಒಂದೂ ತೆಗೆದಿರಲಿಲ್ಲ. ತಿರುಗಿಸಲಿಲ್ಲ. ಉದ್ದನೆಯ ಲೆನ್ಸಿನ ತುದಿ ಅವಳ ನಾಡಿಯೊಂದಿಗೆ ಮೇಲೆ ಕೆಳಗೆ ಆಗುತ್ತಿತ್ತು. ದ್ಯಾಮಮ್ಮ ಅದನ್ನು ನೋಡಿದಳು. “ನನ್ ಹೆಗಲ ಮೇಲಿಡವ್ವ, ಹುಲ್ಲಿನ ಹೊರೆ ಹೊತ್ತ ಹೆಗಲು, ಅಲ್ಲಾಡಲ್ಲ,” ಎಂದು ಅವಳ ಮುಂದೆ ಬಂದು, ವೇದಿಕೆಗೆ ಬೆನ್ನು ಮಾಡಿ ನಿಂತಳು. ಮಗಳನ್ನು ನೋಡಲು ಬಂದವಳು. ಬಿಂದು ಲೆನ್ಸನ್ನು ಆ ಹೆಗಲ ಮೇಲಿಟ್ಟು ಬಾಗಿದಳು. ಮೂಗಿಗೆ ಹರಳೆಣ್ಣೆಯ ವಾಸನೆ ಬಂತು. ಸುತ್ತ ಎಲ್ಲರೂ ಕುಣಿಯುತ್ತಿದ್ದರು. ಇಬ್ಬರು ಹೆಂಗಸರು ಮಾತ್ರ ಮುಖಕ್ಕೆ ಮುಖ ಕೊಟ್ಟು ಅಲ್ಲಾಡದೆ ನಿಂತಿದ್ದರು. ಹಾಡು ಏರಿತು. ಅನುಸೂಯಳ ಕೋಲು ಮೇಲೆದ್ದು, ಬೀಳಬೇಕಾದ ಕಡೆ ಬೀಳದೆ ನಿಂತಿತು. ತಟ್ಟೆಯ ಮರೆಯಿಂದ ಅವಳ ಮುಖ ಹೊರಗೆ ಬಂತು, ಬೆವರಿನಿಂದ ತೊಯ್ದು, ಹಲ್ಲು ಕಚ್ಚಿಕೊಂಡು, ಎಂಥ ಸುಂದರ ಮುಖ. ಬಿಂದು ಒತ್ತಿದಳು. ಪಲ್ಲವಿ ತಿರುಗಿ ಬಂದಷ್ಟು ಸಲವೂ ಒತ್ತಿದಳು, ಲಿವರ್ ಗಟ್ಟಿಯಾಗಿ ನಿಂತು ಇನ್ನು ಎಳೆಯಲಾಗದು ಎನ್ನುವವರೆಗೆ.

ಮುಗಿದ ಮೇಲೆ ದ್ಯಾಮಮ್ಮ ಅವಳ ಕೈ ಹಿಡಿದು ವೇದಿಕೆಯ ಹಿಂದಕ್ಕೆ ಎಳೆದುಕೊಂಡು ಹೋದಳು. “ಬಾರವ್ವ, ತೋರುಸ್ತೀನಿ.” ಅನುಸೂಯ ಪೆಟ್ಟಿಗೆಯ ಮೇಲೆ ಕೂತು ಬೆರಳಿನ ಬೊಬ್ಬೆಗೆ ಟೇಪು ಸುತ್ತಿಕೊಳ್ಳುತ್ತಿದ್ದಳು. ತಾಯಿಯನ್ನು ನೋಡಿ ನಕ್ಕಳು. ಕ್ಯಾಮೆರಾ ನೋಡಿ ಎದ್ದಳು.

“ಇದು ಕಲ್ಲೇಶಣ್ಣಂದಲ್ವ? ಆ ಸಿಪ್ಪೆ ಎದ್ದಿರೋ ಮೂಲೆ ನಂಗೊತ್ತು. ನೀವು ಅವ್ರ ಮನೇರು. ತೊಳೆಯೋರು.”

“ಹೌದು.”

“ಬರೀ ನನ್ ಜುಟ್ಟೇ ತೆಗೀತಾರೆ ಅಂತ ಹೋದ್ಸಲ ಬೈದಿದ್ದೆ. ಅದಕ್ಕೆ ಸಿಟ್ಟಾಗಿ ಬರೋದೇ ಬಿಟ್ರೇನ್ರಿ?”

ಅವನಿಲ್ಲವೆಂಬುದು ಇವಳಿಗೆ ಗೊತ್ತಿಲ್ಲ. ಹೇಳಿದರೆ ಈ ಮುಖದಲ್ಲೂ ಆ ನಗು ನಿಲ್ಲುತ್ತದೆ. “ಸಿಟ್ಟಿಲ್ಲ,” ಎಂದಳು ಬಿಂದು. “ಈ ಸಲ ನಾನು ಬಂದೆ.” ಅನುಸೂಯ ಇನ್ನೇನೋ ಕೇಳಬೇಕೆಂದವಳು ತಾಳಿಯಿಲ್ಲದ ಅವಳ ಕೊರಳನ್ನು ನೋಡಿದಳು, ಹಣೆಯ ವಿಭೂತಿ ನೋಡಿದಳು, ಟೇಪು ಸುತ್ತಿದ ಕೈಯಿಂದ ಅವಳ ಮೊಣಕೈ ಹಿಡಿದಳು. ಬಿಡುವಾಗ, “ಸಿಕ್ಕಿದ್ರೆ ಕಳ್ಸ್ರಿ,” ಎಂದಳು. ಬಡಿಸುವವರು ಸೌಟು ಬಗ್ಗಿಸಿದಂತೆ ಮೆಲ್ಲಗೆ ಹೇಳಲಿಲ್ಲ.

ಮಾರನೆಯ ದಿನ ಸೋಮವಾರ, ಕಾಲೇಜಿಗೆ ರಜೆ ಹಾಕಿದಳು. ಬಿಂದು ಬಚ್ಚಲುಮನೆಯ ಕಿಟಕಿಗೆ ಕರಿಕಂಬಳಿ ಕಟ್ಟಿ, ಬಾಗಿಲಿನ ಕೆಳಗೆ ಟವೆಲು ತುರುಕಿದಳು. ಮೊದಲೆಲ್ಲ ಹೀಗೆ ಬಾಗಿಲು ಹಾಕಿಕೊಂಡರೆ ಶಿವಗಂಗಮ್ಮ ಹೊರಗಿನಿಂದ, ಮನೇಲಿ ಇರೋದೊಂದು ಬಚ್ಚಲು, ಅದ್ರಾಗೂ ಸ್ಟುಡಿಯೋ ಎಂದು ಗೊಣಗುತ್ತಿದ್ದರು. ಇವತ್ತು ಬಾಗಿಲಿಗೆ ಬಾಯಿ ಹಚ್ಚಿ ಹೇಳಿದರು: “ಕೊಡ ತುಂಬಿ ಹೊರಗಿಟ್ಕಂಡೀನಿ. ನಿಧಾನ ಮಾಡು.”

ಕತ್ತಲೆಯಲ್ಲಿ ಫಿಲಂ ಬೆರಳಿನ ನಡುವೆ ಬಿಚ್ಚಿಕೊಂಡಿತು. ಮೊದಲು ಕೈಗೆ ಬಂದದ್ದು ಅವನದು, ಒಳಗೆ ಸುತ್ತಿಕೊಂಡದ್ದು ಅವಳದು. ಕತ್ತರಿ ಮೊಳೆಗೆ ನೇತುಹಾಕಿತ್ತು, ಎಲ್ಲಿದೆಯೆಂದು ನೋಡದೆಯೂ ಗೊತ್ತಿತ್ತು. ಅವಳು ಕತ್ತರಿಸಲಿಲ್ಲ. ಇಡೀ ಪಟ್ಟಿಯನ್ನು ಸುರುಳಿಗೆ ಸುತ್ತಿ ಡಬ್ಬಿಗೆ ಹಾಕಿ ಮುಚ್ಚಿ ದೀಪ ಹಚ್ಚಿದಳು, ರಾಸಾಯನಿಕ ಸುರಿದಳು. ಅವನ ಹೊತ್ತು ಬಂತು. ಡಬ್ಬಿಯನ್ನು ಈಗ ಬಗ್ಗಿಸಿ ರಾಸಾಯನಿಕ ಚೆಲ್ಲಿದರೆ ಅವನವು ಚೆಂದವಾಗಿ ಬರುತ್ತವೆ, ಬೂದುಬಣ್ಣದ ಎಲ್ಲ ಮೆಟ್ಟಿಲುಗಳೊಂದಿಗೆ. ಅವಳು ಬಗ್ಗಿಸಲಿಲ್ಲ. ಮಿತಿಮೀರಿ ಕಪ್ಪಾದ ನೆಗೆಟಿವ್‌ನಿಂದ, ಜೋರು ಬೆಳಕು ಹಿಡಿದರೆ, ಏನಾದರೂ ತೆಗೆಯಬಹುದು. ತೆಳುವಾದದ್ದರಲ್ಲಿ ತೆಗೆಯಲು ಏನೂ ಇರುವುದಿಲ್ಲ. ಇದನ್ನು ಅವಳು ಅವನಿಗೇ ಎಷ್ಟೋ ಸಲ ಹೇಳಿದ್ದಳು. ಈಗ ತನಗೆ ಹೇಳಿಕೊಳ್ಳುವಾಗ ಅದು ಸಬೂಬಿನಂತೆ ಕೇಳಿತು. ಅವನ ಹೊತ್ತು ದಾಟಿ ಹೋಗುತ್ತಿದ್ದಾಗ ಅವಳು ಸೊಂಟದ ಮೇಲೆ ಡಬ್ಬಿ ಒತ್ತಿಕೊಂಡು, ಗೋಡೆಗೆ ತಲೆಯಾನಿಸಿ, ತನ್ನ ಹೊತ್ತು ಬರುವವರೆಗೂ ಕಾದಳು.

ಹೊರಗೆ ಬಂದಾಗ ಮಧ್ಯಾಹ್ನದ ಬಿಸಿಲು ಟೆರೇಸಿನ ಮೇಲೆ ನೆಟ್ಟಗೆ ನಿಂತಿತ್ತು. ಶಿವಗಂಗಮ್ಮ ಮಂಡಿ ಹಿಡಿದುಕೊಂಡು ಹಿಂದೆಯೇ ಹತ್ತಿ ಬಂದರು. ಬಿಂದು ಪಟ್ಟಿಯನ್ನು ಎರಡು ಕೈಯಲ್ಲಿ ಎತ್ತಿ, ಮೊದಲು ತನ್ನ ತುದಿಯನ್ನು ನೋಡಿದಳು, ಇನ್ನೊಂದಕ್ಕೆ ಹೆದರಿ. ಬಹಳಷ್ಟು ಅಲುಗಿದ್ದವು. ಒಂದರಲ್ಲಿ ಯಾರದೋ ಹೆಬ್ಬೆರಳು. ಅದರ ಮುಂದಿನದರಲ್ಲಿ ಹಿತ್ತಾಳೆ ತಟ್ಟೆಯಿಂದಾಚೆ ಒಂದು ಮುಖ, ಎತ್ತಿದ ಕೋಲು, ಕಚ್ಚಿದ ಹಲ್ಲು.

“ಸಿಕ್ಳು,” ಎಂದಳು ಬಿಂದು.

“ಯಾರೇ?”

ಅವಳು ಪಟ್ಟಿಯನ್ನು ಸರಿಸಿದಳು. ಅವನವು ಬಂದವು. ಎಲ್ಲ ಮಸಿ, ಗ್ರಹಣ ನೋಡಲು ಹೊಗೆ ಹಿಡಿಸಿದ ಗಾಜಿನ ಚೂರುಗಳಂತೆ. ಸೂರ್ಯನಿಗೇ ಹಿಡಿದರೆ ಅಷ್ಟಿಷ್ಟು ಕಾಣುತ್ತಿತ್ತು: ಕೆಳಗಿನಿಂದ ಕಂಡ ಗಾಳಿಯಂತ್ರದ ಕಂಬ, ತಾಳ್ಯದ ದಾರಿಯ ಕುರಿಗಳು, ಅತ್ತೆಯ ಬೆನ್ನು. ಕೆಡಿಸಿಕೊಂಡು ಬರಬೇಡ ಅಂದಿದ್ದರು. ಹದಿನೇಳನೆಯದು ಎಲ್ಲಕ್ಕಿಂತ ಕಪ್ಪು. ಬೆಳಗಿನ ಬಿಸಿಲು ಬಿದ್ದ ಟೆರೇಸಿನ ನೆಲ, ಹರವಿದ ಮೆಣಸಿನಕಾಯಿ, ಗೋಡೆ, ಎಲ್ಲ ಒಂದೇ ಮಸಿಯೊಳಗೆ ಮುಚ್ಚಿಹೋಗಿದ್ದವು. ಅವಳು ನಿಲ್ಲಬೇಕಾಗಿದ್ದ ಜಾಗವೂ ಉಳಿದಿರಲಿಲ್ಲ. ಆದರೆ ಆ ಕಪ್ಪಿನ ನಡುವೆ ಒಂದು ಉದ್ದನೆಯ ಆಕಾರ ಗಾಜಿನಷ್ಟು ತಿಳಿಯಾಗಿ ನಿಂತಿತ್ತು. ನೆಗೆಟಿವ್‌ನಲ್ಲಿ ಬಿಸಿಲು ಕಪ್ಪಾಗುತ್ತದೆ, ನೆರಳು ತಿಳಿಯಾಗುತ್ತದೆ. ನೆರಳಿಗೆ ಎಷ್ಟು ಹೊತ್ತು ಔಷಧ ಕುಡಿಸಿದರೂ ಕಪ್ಪು ಹತ್ತುವುದಿಲ್ಲ. ಎರಡು ಮೊಣಕೈ ಅಗಲಿಸಿ, ತಲೆ ಬಗ್ಗಿಸಿ, ಕ್ಯಾಮೆರಾಕ್ಕೆ ಕಣ್ಣಿಟ್ಟು ನಿಂತವನ ನೆರಳು. ಚಿತ್ರದೊಳಗೆ ತನ್ನ ನೆರಳು ಬಿದ್ದರೆ ಆ ರೋಲಿಗೇ ಶನಿ ಹಿಡಿಯಿತೆಂದು ಬೈದುಕೊಳ್ಳುತ್ತಿದ್ದವನು. ಅವತ್ತು ನೋಡಲಿಲ್ಲವೋ, ನೋಡಿಯೂ ಒತ್ತಿದನೋ. ನೆರಳಿನ ತಲೆ ಮೆಟ್ಟಿಲಿನ ಬಾಗಿಲವರೆಗೆ ಚಾಚಿತ್ತು, ಅವಳು ಬರಬೇಕಾಗಿದ್ದ ಬಾಗಿಲು.

ಶಿವಗಂಗಮ್ಮ ಕಣ್ಣು ಕಿರಿದು ಮಾಡಿ ಹತ್ತಿರ ಬಂದರು. ಬಹಳ ಹೊತ್ತು ನೋಡಿದರು.

“ಎಡಗಾಲು ಸಡ್ಲ ಬಿಟ್ಕಂಡು ನಿಂತವ್ನೆ ನೋಡು,” ಎಂದರು ಮುದುಕಿ. “ನೆಟ್ಟಗೆ ನಿಂದ್ರೋ ಅಂದ್ರೆ ಒಂದಿನ ನಿಂದ್ರಲಿಲ್ಲ.” ಆಮೇಲೆ, ಪಟ್ಟಿಯಿಂದ ಕಣ್ಣು ಕೀಳದೆ, “ಇರಲ್ಲ ಅಂದಿದ್ದೆ ನೀನು.”

“ಗೊತ್ತಿರಲಿಲ್ಲ ಅತ್ತೆ.”

“ನಾನೇನು ಸುಮ್‌ಸುಮ್ನೆ ಹಚ್ಲಿಲ್ಲ ಬಿಡು.”

ಆ ತಿಳಿಯಾದ ಆಕಾರವನ್ನು ತೂರಿ ಬಂದ ಬಿಸಿಲಿನ ಚೂರೊಂದು ಮುದುಕಿಯ ಕೆನ್ನೆಯ ಮೇಲೆ ಅಲುಗುತ್ತಿತ್ತು. ಬಿಂದುವಿನ ತೋಳು ನೋಯತೊಡಗಿತು. ಅವಳು ಮೊಣಕೈಗಳನ್ನು ಇನ್ನಷ್ಟು ಅಗಲಿಸಿ, ಕಾಲು ಊರಿ, ಪಟ್ಟಿಯನ್ನು ಹಾಗೇ ಎತ್ತಿ ಹಿಡಿದಳು.